ಮೋಡದ ಮೇಲೆ ಹಡಗಿನ ಗೀರು: ಉಪಗ್ರಹ ಚಿತ್ರ ನೋಡುವುದು ಹೀಗೆ

ಭೂಮಿಗೆ ಬರುವ ಬಿಸಿಲಿನಲ್ಲಿ ಹೆಚ್ಚುಕಡಿಮೆ ಶೇ 30ರಷ್ಟು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಮೋಡಗಳದ್ದು. ಗಾಳಿಯಲ್ಲಿ ತೇಲುವ ಹೊಗೆ, ದೂಳಿನ ಕಣಗಳೂ ಈ ಲೆಕ್ಕವನ್ನು ಏರುಪೇರು ಮಾಡುತ್ತವೆ. ಹೇಗೆ ಅನ್ನೋದನ್ನು ಮನೆಯಲ್ಲೇ ಕೂತು ಕಣ್ಣಾರೆ ನೋಡಬಹುದು.

ಮೊದಲು ಕಂಪ್ಯೂಟರಿನಲ್ಲಿ ನಾಸಾದ ‘ವರ್ಲ್ಡ್‌ವ್ಯೂ’ ತಾಣ ತೆರೆಯಿರಿ. ದುಡ್ಡು ಬೇಡ, ಲಾಗಿನ್ ಬೇಡ. ಎಡಗಡೆ ಪದರಗಳ ಪಟ್ಟಿಯಲ್ಲಿ ಟೆರಾ ಉಪಗ್ರಹದ ‘ಮೋಡಿಸ್’ ಕ್ಯಾಮೆರಾದ ಸಹಜ ಬಣ್ಣದ ಚಿತ್ರ ಆರಿಸಿ. ದಿನಾಂಕ ಬದಲಿಸುವುದು ಕೆಳಗಡೆ. 2000ದಿಂದ ಈಚೆಗೆ ಹೆಚ್ಚುಕಡಿಮೆ ಪ್ರತಿದಿನದ ಚಿತ್ರ ಸಿಗುತ್ತದೆ.

ಈಗ ಮಂಗಳೂರಿನಾಚೆಯ ಅರಬ್ಬೀ ಸಮುದ್ರಕ್ಕೆ ಹೋಗಿ. ಮೋಡವಿಲ್ಲದ ಕಡೆ ನೀರು ಕಡುನೀಲಿ, ಕಪ್ಪೆನ್ನುವಷ್ಟು. ಸಮುದ್ರ ಬಿಸಿಲನ್ನು ನುಂಗುವುದೇ ಜಾಸ್ತಿ. ನೀರಿನ ಮೇಲೆ ಉದ್ದಕ್ಕೆ ಬೆಳ್ಳಿ ಪಟ್ಟಿ ಕಂಡರೆ ಅದು ಹೊಗೆಯಲ್ಲ, ನೀರಲ್ಲಿ ಸೂರ್ಯ ಹೊಳೆಯುತ್ತಿರುವುದು. ಹೊಸಬರು ಎಡವುವುದು ಇಲ್ಲೇ.

ಡಿಸೆಂಬರ್ ಅಥವಾ ಜನವರಿಯ ಒಂದು ದಿನ ಆರಿಸಿ ಗಂಗಾ ಬಯಲನ್ನು ನೋಡಿ. ಹಿಮಾಲಯದ ಬುಡಕ್ಕೆ ಒತ್ತಿಕೊಂಡ ಬೂದು ಮಬ್ಬು ಬಂಗಾಳ ಕೊಲ್ಲಿಯವರೆಗೂ ಹರಿದಿರುತ್ತದೆ. ಕಪ್ಪಾಗಿ ಕಾಣಬೇಕಿದ್ದ ನೀರು ಅಲ್ಲಿ ಮಸುಕಾಗಿದೆ ಅಲ್ವಾ? ಕಣಗಳು ತಿರುಗಿಸಿ ಕಳಿಸಿದ ಬಿಸಿಲು ಅದು.

ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕ್ಯಾಲಿಫೋರ್ನಿಯಾದ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ಮೇಲೆ ಬೇಸಿಗೆಯಲ್ಲಿ ತಗ್ಗಿನ ಮೋಡ ಹಾಸಿಕೊಂಡಿರುತ್ತದೆ. 2019ಕ್ಕೆ ಮುಂಚಿನ ಜೂನ್, ಜುಲೈ ದಿನಗಳನ್ನು ಒಂದೊಂದಾಗಿ ತಿರುವಿ. ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಗೆರೆಗಳು ಸಿಗುತ್ತವೆ. ಒಂದೊಂದು ಗೆರೆಯ ಕೆಳಗೂ ಒಂದು ಹಡಗು ಹಾದುಹೋಗಿದೆ. ಮೋಡದ ಹನಿ ಸುಮ್ನೆ ಹುಟ್ಟುವುದಿಲ್ಲ, ಆವಿ ಕೂರಲು ಒಂದು ಕಣ ಬೇಕು. ಹಡಗಿನ ಹೊಗೆಯಲ್ಲಿರುವ ಗಂಧಕದಿಂದ ಕಣಗಳು ಹೆಚ್ಚಾದಾಗ, ಇದ್ದಷ್ಟೇ ನೀರು ಜಾಸ್ತಿ ಹನಿಗಳಿಗೆ ಹಂಚಿಹೋಗುತ್ತದೆ. ಹನಿ ಸಣ್ಣದಾದರೂ ಎಲ್ಲ ಸೇರಿ ಬೆಳಕು ತಾಗುವ ಮೈ ದೊಡ್ಡದಾಗುತ್ತದೆ. ಮೋಡ ಇನ್ನಷ್ಟು ಬೆಳ್ಳಗಾಗುತ್ತದೆ. ಷಾನ್ ಟ್ವೋಮಿ ಎಂಬ ವಿಜ್ಞಾನಿ ಇದನ್ನು 1970ರ ದಶಕದಲ್ಲೇ ವಿವರಿಸಿದ್ದರು.

2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು. ಗೆರೆಗಳು ಕಡಿಮೆಯಾದವು. ಆಮೇಲಿನ ವರ್ಷಗಳ ಅದೇ ತಿಂಗಳುಗಳನ್ನೂ ನೋಡಿ. ಒಂದೇ ದಿನದ ಚಿತ್ರ ನೋಡಿ ತೀರ್ಮಾನಿಸಬೇಡಿ.

ಕೊನೆಗೆ ಅಂಗೋಲಾದ ಪಶ್ಚಿಮದ ಕಡಲು, ಆಗಸ್ಟ್ ಅಥವಾ ಸೆಪ್ಟೆಂಬರ್. ಆಫ್ರಿಕಾದ ಹುಲ್ಲುಗಾವಲು ಬೆಂಕಿಯ ಹೊಗೆ ಇಲ್ಲಿ ಬಿಳಿ ಮೋಡದ ಮೇಲೆ ಕಂದು ಮುಸುಕಾಗಿ ಹರಡುತ್ತದೆ. ಮಸಿ ಬಿಸಿಲನ್ನು ಹೀರುವುದರಿಂದ ಮೋಡ ಮಂಕಾಗುತ್ತದೆ. ಅದೇ ಹೊಗೆ ಕಪ್ಪು ನೀರಿನ ಮೇಲಿದ್ದರೆ ಅಲ್ಲಿ ಹೊಳಪು ಹೆಚ್ಚುತ್ತಿತ್ತು. ಹಾಗಾಗಿ ‘ಹೊಗೆ ಭೂಮಿಯನ್ನು ತಂಪು ಮಾಡುತ್ತದೆ’ ಎಂದು ಯಾರಾದರೂ ಒಂದೇ ಮಾತಲ್ಲಿ ಹೇಳಿದರೆ, ಎಂಥ ಹೊಗೆ, ಅದರ ಕೆಳಗೆ ಏನಿದೆ ಎಂದು ಕೇಳಿ.

ಕಣ್ಣಂದಾಜು ಸಾಲದಿದ್ದರೆ ‘ಏರೋಸಾಲ್ ಆಪ್ಟಿಕಲ್ ಡೆಪ್ತ್’ ಪದರ ಸೇರಿಸಿ. ಕಣಗಳು ಎಷ್ಟು ದಟ್ಟವಾಗಿವೆ ಎಂದು ಬಣ್ಣಗಳಲ್ಲಿ ತೋರಿಸುತ್ತದೆ. ಮೋಡವಿರುವ ಕಡೆ ಮಾತ್ರ ಅದು ಸಾಮಾನ್ಯವಾಗಿ ಖಾಲಿ ಬಿಟ್ಟಿರುತ್ತದೆ. ಖಾಲಿ ಜಾಗ ಅಂದರೆ ಅಲ್ಲಿ ಅಳೆಯಲು ಆಗಲಿಲ್ಲ ಎಂದಷ್ಟೇ, ಗಾಳಿ ಶುದ್ಧವಾಗಿದೆ ಎಂದಲ್ಲ.