ಶುಗರ್ ಪರೀಕ್ಷೆಯ ಸಾಲಿನಲ್ಲೇ ಬಾಯಿ ತಪಾಸಣೆ: ಉಡುಪಿ ಕಡೆ ನಾವು ಮಾಡುವ ಕ್ರಮ

ದಂತ ಶಿಬಿರ ಎಂದು ಬ್ಯಾನರ್ ಕಟ್ಟಿದರೆ ಹಲ್ಲುನೋವಿನವರು ಬರುತ್ತಾರೆ, ಪೇಸ್ಟು ಸಿಗುತ್ತದೆಂದು ಮಕ್ಕಳು ಬರುತ್ತಾರೆ. ವರ್ಷಗಟ್ಟಲೆ ಶುಗರ್ ಮಾತ್ರೆ ನುಂಗುತ್ತಾ, ವಸಡಿನಲ್ಲಿ ರಕ್ತ ಬರುವುದನ್ನು ಲೆಕ್ಕಕ್ಕೇ ಇಡದವರು ಬರುವುದಿಲ್ಲ. ವಸಡಿನ ರೋಗ ಹೆಚ್ಚಾಗಿ ನೋವಿಲ್ಲದೆ ಬೆಳೆಯುವಂಥದ್ದು, ಹಲ್ಲು ಅಲುಗಾಡಿದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಪ್ರತ್ಯೇಕ ಶಿಬಿರದ ಗೊಡವೆ ಬಿಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ನೋಡುವ ದಿನವೇ ನಾವು ಹೋಗಿ ಕೂರುತ್ತೇವೆ.

ಅಲ್ಲಿ ಒಂದು ಅನುಕೂಲ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಕೊಟ್ಟವರು ತಿಂಡಿ ತಿಂದು, ಮತ್ತೆ ರಕ್ತ ಕೊಡಲು 2 ಗಂಟೆ ಕಾಯಬೇಕು. ಜಗಲಿಯ ಬೆಂಚಿನಲ್ಲಿ ಸುಮ್ಮನೆ ಕೂರುವ ಆ ಎರಡು ಗಂಟೆಯೇ ನಮ್ಮ ಸಮಯ. ತಿಂಡಿಗೆ ಮೊದಲು ಮಾತಾಡಿಸಬೇಡಿ. ಹಸಿದವರಿಗೆ ಯಾವ ಮಾತೂ ಹತ್ತುವುದಿಲ್ಲ, ಕೆಲವರಿಗೆ ಶುಗರ್ ಇಳಿದು ಬೆವರು, ನಡುಕವೂ ಬರಬಹುದು. ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಹಲ್ಲಿನ ವಿಚಾರ ಆಮೇಲೆ. ಮೊದಲು 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ರಕ್ತ ನೋಡಬೇಕು.

ದೊಡ್ಡ ಹಲ್ಲಿನ ಮಾದರಿ, ದೊಡ್ಡ ಬ್ರಷ್ಷು ಹಿಡಿದು ಭಾಷಣ ಶುರು ಮಾಡಿದರೆ ಬೆಂಚಿನವರು ಅದು ಮಕ್ಕಳಿಗೆ ಹೇಳುವುದೆಂದು ಮೊಬೈಲು ತೆಗೆಯುತ್ತಾರೆ. ನಾವು ಕೊಂಡೊಯ್ಯುವುದು ಒಂದು ಕೆಂಪು ಬಟ್ಟೆಯ ತುಂಡು, 4 ಸೆಂಟಿಮೀಟರ್ ಉದ್ದ, 4 ಅಗಲ. ಬಾಯಿ ತುಂಬಾ ವಸಡಿನ ರೋಗ ಬಲಿತಿದ್ದರೆ ಹಲ್ಲಿನ ಸುತ್ತ ಒಳಗೊಳಗೇ ಇರುವ ಹುಣ್ಣನ್ನು ಬಿಡಿಸಿ ಹಾಸಿದರೆ ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂಬುದು ಲೆಕ್ಕ. ಆ ಬಟ್ಟೆಯನ್ನು ಅವರ ಪಾದದ ಮೇಲೆ ಇಟ್ಟು, "ಇಷ್ಟು ದೊಡ್ಡ ಗಾಯ ಕಾಲಲ್ಲಿ ಆದರೆ ಎಷ್ಟು ದಿನ ಬಿಡ್ತೀರಿ?" ಎಂದು ಕೇಳುತ್ತೇವೆ. ಕಾಲಿನ ಗಾಯದ ಭಯ ಶುಗರ್ ಇದ್ದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಮೇಲೆ ಬಾಯಿ ತೋರಿಸಿ ಎಂದರೆ ತೋರಿಸುತ್ತಾರೆ. ಮಾತು ತುಳುವಿನಲ್ಲಿ, ಬೇಕಾದರೆ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆದರೆ ಇನ್ನೂ ಒಳ್ಳೆಯದು. ಊರಿನ ಆಶಾ ಕಾರ್ಯಕರ್ತೆ ಪಕ್ಕದಲ್ಲಿರಲೇಬೇಕು.

ಹೇಳಬೇಕಾದ ವಿಷಯ ಇಷ್ಟು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಹೋರಾಡುವುದಿಲ್ಲ, ವಸಡು ಬೇಗ ಕೊಳೆಯುತ್ತದೆ. ವಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಸಕ್ಕರೆ ಏರುತ್ತದೆ. ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಆದರೆ 3-4 ತಿಂಗಳಲ್ಲಿ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಈ ಅಂಕಿ ಹೇಳಿದ ಕೂಡಲೇ, ಮಾತ್ರೆ ಬಿಡಬಾರದು ಎಂಬುದನ್ನೂ ಹೇಳಿ.

ಹೃದಯದ ವಿಷಯದಲ್ಲಿ ನಾಲಿಗೆ ಬಿಗಿ ಹಿಡಿಯಬೇಕು. ಹಲ್ಲು ಉಜ್ಜದಿದ್ದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಹೆದರಿಸುವ ಪೋಸ್ಟರುಗಳು ಈಗ ಎಲ್ಲೆಲ್ಲೂ ಇವೆ. ವಸಡಿನ ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತದೆ ಎಂಬುದು ನಿಜ; ಇದೇ ಕಾರಣ ಎಂದು ಸಾಬೀತಾಗಿಲ್ಲ. ಬೀಡಿ, ಸಿಗರೇಟು, ಶುಗರ್ ಎರಡಕ್ಕೂ ಸಮಾನ ಕಾರಣಗಳು. ಹೆಚ್ಚು ಹೇಳಿ ಒಮ್ಮೆ ನಂಬಿಕೆ ಕಳೆದುಕೊಂಡರೆ ಆ ಊರಿನಲ್ಲಿ ಮತ್ತೆ ಕೂರುವುದು ಕಷ್ಟ.

ಪ್ರಶ್ನೆ ನಾಲ್ಕೇ. ಉಜ್ಜುವಾಗ ರಕ್ತ ಬರುತ್ತದೆಯೇ? ಯಾವುದಾದರೂ ಹಲ್ಲು ಅಲುಗಾಡುತ್ತದೆಯೇ, ಸಂದು ಹೊಸದಾಗಿ ಬಂದಿದೆಯೇ? ಖಾರ ತಿಂದರೆ ಉರಿಯುತ್ತದೆಯೇ? ದಿನಾ ಯಾವ ಮಾತ್ರೆ? ನಾಲ್ಕನೆಯದಕ್ಕೆ ಬಾಯಲ್ಲಿ ಉತ್ತರ ಬೇಡ, ಮಾತ್ರೆಯ ಚೀಲವನ್ನೇ ಬಿಚ್ಚಿಸಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ದಪ್ಪಗೆ ಬೆಳೆಸುತ್ತದೆ. ಅದನ್ನು ಕಂಡರೆ ಮಾತ್ರೆ ಬರೆದ ಡಾಕ್ಟರಿಗೆ ಚೀಟಿ ಕೊಡಿ, ನೀವೇ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಇದ್ದರೆ, ಹಲ್ಲು ಕೀಳಿಸಲು ಹೋಗುವಾಗ ತಾವಾಗಿಯೇ ನಿಲ್ಲಿಸಬಾರದೆಂದು ಅಲ್ಲೇ ಹೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಆ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಹಲ್ಲು ಕಿತ್ತ ಜಾಗದ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು.

ತಪಾಸಣೆಗೆ ಟಾರ್ಚು, ಕೈಗವಸು, ಬಾಯಿ ಕನ್ನಡಿ, ಹಲ್ಲು-ವಸಡಿನ ನಡುವಿನ ಗುಂಡಿಯ ಆಳ ಅಳೆಯುವ ಮೊನೆ ಉರುಟಾದ ಡಬ್ಲ್ಯೂಎಚ್‌ಒ ಪ್ರೋಬ್. ಪ್ರೋಬಿನ ಕಪ್ಪು ಪಟ್ಟಿ 3.5ರಿಂದ 5.5 ಮಿಲಿಮೀಟರ್. ಪಟ್ಟಿ ಪೂರ್ತಿ ಹೊರಗೆ ಕಂಡರೆ ಸರಿ; ಅರ್ಧ ಮುಳುಗಿದರೆ 4-5 ಮಿ.ಮೀ. ಗುಂಡಿ; ಪೂರ್ತಿ ಮುಳುಗಿದರೆ 6 ಮಿ.ಮೀ. ಅಥವಾ ಹೆಚ್ಚು. ಒತ್ತಡ ಸುಮಾರು 20 ಗ್ರಾಂ ಸಾಕು, ಉಗುರಿನ ಸಂದಿಗೆ ತೂರಿಸಿದರೆ ನೋವಾಗದಷ್ಟು. ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ, ಹಿಂದೆ ಕವಾಟಕ್ಕೆ ಸೋಂಕು ತಗುಲಿದವರಿಗೆ ಪ್ರೋಬ್ ಹಾಕಲೇಬೇಡಿ, ಬರೇ ಟಾರ್ಚಿನಲ್ಲಿ ನೋಡಿ. ವಸಡು ಮುಟ್ಟುವ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು ಅವರಿಗೆ ಆ್ಯಂಟಿಬಯಾಟಿಕ್ ಬೇಕು.

ಎಲೆ ಅಡಿಕೆ ಜಗಿಯುವವರಿಗೆ ಇನ್ನೊಂದು ಪರೀಕ್ಷೆ: ಅವರದೇ ಕೈಯ ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯಿಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ, ಖಾರವೂ ಉರಿಯುತ್ತಿದ್ದರೆ ಅದು ಅಡಿಕೆಯಿಂದ ಬಾಯಿ ಬಿಗಿಯುವ ರೋಗದ ಗುರುತಿರಬಹುದು, ಅದೇ ವಾರ ಆಸ್ಪತ್ರೆಗೆ ಕಳುಹಿಸಿ. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಆದರೂ ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿರುವಾಗ ಮುಚ್ಚಿಡುವ ಹಕ್ಕು ನಮಗಿಲ್ಲ.

ಗರ್ಭಿಣಿಯರನ್ನು ಪ್ರತಿ ತಿಂಗಳ 9ರ ತಪಾಸಣೆಯ ದಿನ ಹಿಡಿಯುತ್ತೇವೆ. ಹಾರ್ಮೋನಿನಿಂದ ವಸಡು ಊದುವುದು ಸಾಮಾನ್ಯ. ಕ್ಲೀನಿಂಗ್ ಮಾಡಿಸಬಹುದು, 4ರಿಂದ 6ನೇ ತಿಂಗಳು ಹೆಚ್ಚು ಅನುಕೂಲ.

ಕೆಲಸ ಕೆಡುವುದು ಹೆಚ್ಚಾಗಿ ಆಮೇಲೆ. ಕ್ಲೀನಿಂಗ್ ಮಾಡಿಸಿದವರಿಗೆ ಊದಿದ ವಸಡು ಇಳಿದು, ಕಲ್ಲು ಕುಳಿತಿದ್ದ ಜಾಗ ಖಾಲಿಯಾಗಿ, ಸಂದು ಕಾಣುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಕ್ಲೀನಿಂಗ್ ಮಾಡಿಸಿ ಹಲ್ಲು ಸಡಿಲ ಆಯ್ತು ಮಾರಾಯ್ರೆ" ಎಂಬ ಮಾತು ಸ್ವಸಹಾಯ ಸಂಘದ ಮುಂದಿನ ಸಭೆಯೊಳಗೆ ಇಡೀ ಗ್ರಾಮ ಸುತ್ತುತ್ತದೆ. ರಕ್ತ ಬರುವ ಕಡೆ ಉಜ್ಜುವುದನ್ನೇ ಬಿಡುವವರೂ ಇದ್ದಾರೆ. ಮೆದು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, 2 ನಿಮಿಷ, ದಿನಕ್ಕೆರಡು ಸಲ ಅಲ್ಲೇ ಉಜ್ಜಬೇಕು. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಇರಲಿ. ಉಮಿಕರಿ ಹಲ್ಲಿನ ಬುಡ ಸವೆಸುತ್ತದೆ, ಬೇಡ.

ಚೀಟಿ ಕೊಟ್ಟರೆ ಎಲ್ಲರೂ ಹೋಗುತ್ತಾರೆಂದು ತಿಳಿಯಬೇಡಿ. ತಾಲೂಕು ಆಸ್ಪತ್ರೆಯೋ, ಮಣಿಪಾಲದ ದಂತ ಕಾಲೇಜೋ, ದೇರಳಕಟ್ಟೆಯ ದಂತ ಕಾಲೇಜೋ, ಯಾವ ವಾರ, ಎಷ್ಟು ಗಂಟೆ ಎಂದು ಬರೆಯಿರಿ. ತಿಂಡಿ ತಿಂದು, ಮಾತ್ರೆ ನುಂಗಿ, ಶುಗರ್ ಪುಸ್ತಕ ಹಿಡಿದು ಬನ್ನಿ ಎಂದೂ ಬರೆಯಿರಿ. ಮಲ್ಪೆಯಲ್ಲಿ ಆಳಸಮುದ್ರಕ್ಕೆ ಹೋಗುವವರಿಗೆ ಎರಡು-ಮೂರು ಸಲ ಬರಬೇಕಾದ ಚಿಕಿತ್ಸೆ ನಡುವೆಯೇ ತುಂಡಾಗುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಅವರ ದಿನಗಳನ್ನು ಮೇ ತಿಂಗಳಲ್ಲೇ ಗೊತ್ತು ಮಾಡಿ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇವತ್ತಿನ ಎಚ್‌ಬಿಎ1ಸಿ ಪಕ್ಕದಲ್ಲಿ 3 ತಿಂಗಳ ನಂತರದ ಅಂಕಿಗೆ ಒಂದು ಖಾಲಿ ಚೌಕ ಬಿಡಿ. ಅದು ತುಂಬಿದ ದಿನ ಎರಡೂ ಅಂಕಿಗಳನ್ನು ಅವರಿಗೇ ಓದಿ ಹೇಳಬೇಕು.