ಪಿಡಿಎಫ್ ಏರಿಸಿದರೆ ಸಾಲದು

ಸಮಾಜವಿಜ್ಞಾನ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಗ್ರಂಥಪಾಲಕಿ. ನಮ್ಮಲ್ಲಿನ ಪಿಎಚ್‌ಡಿ ಮಹಾಪ್ರಬಂಧ, ವರ್ಕಿಂಗ್ ಪೇಪರ್, ಸಮೀಕ್ಷಾ ವರದಿಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದುವಂತೆ ಆನ್‌ಲೈನ್ ರೆಪಾಸಿಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತಂತ್ರಾಂಶಕ್ಕಾಗಿ ಹೆಚ್ಚು ಹುಡುಕಾಡಲಿಲ್ಲ. ಅಮೆರಿಕದ ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಹೊರತಂದ ರೆಪಾಸಿಟರಿ ತಂತ್ರಾಂಶ ಡಿಸ್ಪೇಸ್ ಉಚಿತ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಕೂಡ ಅದರ ಮೇಲೆಯೇ ಓಡುತ್ತಿದೆ. ಇನ್‌ಸ್ಟಾಲ್ ಮಾಡುವವರಿಗೆ ಒಂದೇ ಮಾತು: ಪ್ರತಿ ಕೃತಿಗೂ ಸಿಗುವ ಕಾಯಂ ವಿಳಾಸದ, ಅಂದರೆ ಹ್ಯಾಂಡಲ್‌ನ, ಆರಂಭದ ಸಂಖ್ಯೆಯನ್ನು ನೋಂದಾಯಿಸಿಕೊಳ್ಳಿ. ನೋಂದಾಯಿಸದಿದ್ದರೆ ಎಲ್ಲ ವಿಳಾಸಗಳೂ 123456789 ಎಂಬ ಹುಸಿ ಸಂಖ್ಯೆಯಿಂದಲೇ ಶುರುವಾಗುತ್ತವೆ, ಸರ್ವರ್ ಬದಲಾದ ದಿನ ಸಾಯುತ್ತವೆ. ಶೋಧಗಂಗಾದ ವಿಳಾಸಗಳಲ್ಲಿ ಕಾಣುವ 10603 ಅಂಥ ನೋಂದಾಯಿತ ಸಂಖ್ಯೆ.

ನಿಜವಾದ ತಲೆನೋವು ಕನ್ನಡ ಪ್ರಬಂಧಗಳದು. ಹಳೆಯವು ಬಹುಪಾಲು ನುಡಿ ಫಾಂಟಿನಲ್ಲಿ, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಲ್ಲ, ಇಂಗ್ಲಿಷ್ ಮುಂತಾದ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆಸ್ಕಿ ರೂಪದಲ್ಲಿ ಟೈಪಾದವು. ಪರದೆಯ ಮೇಲೆ ಅಕ್ಷರ ಮುತ್ತಿನಂತೆ ಕಾಣುತ್ತದೆ. ಆದರೆ ಆ ಪಿಡಿಎಫ್‌ನಿಂದ ‘ಕನ್ನಡ’ ಎಂಬ ಪದವನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿ: ಒಂದು ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಎ. ಗೂಗಲ್ ಓದುವುದು ಇದನ್ನೇ. ಹೀಗಿರುವಾಗ ಮುನ್ನೂರು ಪುಟದ ಪ್ರಬಂಧ ಜಗತ್ತಿಗೆಲ್ಲ ತೆರೆದಿದ್ದರೂ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ.

ಮೂಲ ವರ್ಡ್ ಫೈಲ್ ಸಿಕ್ಕರೆ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡುತ್ತೇನೆ. ಪರವಾಗಿಲ್ಲ ಎನ್ನುವಂತೆ ಬರುತ್ತದೆ. ಪಿಡಿಎಫ್ ಒಂದೇ ಇದ್ದರೆ ಅದರಿಂದ ಪಠ್ಯ ಎತ್ತುವ ಗೋಜಿಗೆ ಹೋಗುವುದಿಲ್ಲ. ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರಿಹೋಗಿರುತ್ತವೆ. ಅದಕ್ಕಿಂತ ಪುಟಗಳನ್ನು ಚಿತ್ರ ಮಾಡಿಕೊಂಡು ಟೆಸರಾಕ್ಟ್ ಎಂಬ ತಂತ್ರಾಂಶದ ಕನ್ನಡ ಒಸಿಆರ್‌ಗೆ, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ಸೌಲಭ್ಯಕ್ಕೆ, ಕೊಡುವುದು ಮೇಲು. ತಪ್ಪುಗಳು ಉಳಿಯುತ್ತವೆ, ಉಳಿಯಲಿ. ಆ ಪಠ್ಯ ಚಿತ್ರದ ಹಿಂದೆ ಅಡಗಿ ಕೂತು ಹುಡುಕಾಟಕ್ಕೆ ಸಿಕ್ಕರೆ ಸಾಕು, ಓದುವವರು ಮೂಲ ಪುಟವನ್ನೇ ಓದುತ್ತಾರೆ. ಶೀರ್ಷಿಕೆ ಮತ್ತು ಸಾರಾಂಶವನ್ನು ಮಾತ್ರ ನಾನೇ ಕೂತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡುತ್ತೇನೆ.

ಕೃತಿಯ ವಿವರಗಳನ್ನು (ಮೆಟಾಡೇಟಾ) ದಾಖಲಿಸುವ ಡಬ್ಲಿನ್ ಕೋರ್ ಎಂಬ ಪದ್ಧತಿಯಲ್ಲಿ ಮೂಲತಃ ಹದಿನೈದು ಕಲಮುಗಳಿವೆ. ಬಹಳಷ್ಟು ಕಡೆ ಶೀರ್ಷಿಕೆ, ಲೇಖಕ, ವರ್ಷ ತುಂಬಿ ಕೈತೊಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಸಮಾಜವಿಜ್ಞಾನಕ್ಕೆ ಜೀವಾಳ ‘ವ್ಯಾಪ್ತಿ’ಯ ಕಲಮು, ಅಂದರೆ ಅಧ್ಯಯನ ನಡೆದ ಊರು. ಗೇಣಿದಾರರ ಮೇಲಿನ ಹಳೆಯ ಪ್ರಬಂಧವೊಂದರಲ್ಲಿ ‘ಗುಲ್ಬರ್ಗಾ ಜಿಲ್ಲೆ, ಯಾದಗಿರಿ ತಾಲ್ಲೂಕು’ ಎಂದಿತ್ತು. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, ಯಾದಗಿರಿ ಅದಕ್ಕೂ ಮೊದಲೇ ಪ್ರತ್ಯೇಕ ಜಿಲ್ಲೆಯಾಗಿತ್ತು. ಈಗಿನ ವಿದ್ಯಾರ್ಥಿ ಯಾವ ಹೆಸರಿನಿಂದ ಹುಡುಕುತ್ತಾನೋ! ಹಳೆಯದು, ಹೊಸದು ಎರಡನ್ನೂ ಹಾಕುತ್ತೇನೆ. ಕೀಲಿಪದದಲ್ಲಿ ‘ಗೇಣಿ’, ‘ಉಳುವವನೇ ಒಡೆಯ’, ‘ಭೂಸುಧಾರಣೆ 1974’ ಎಲ್ಲವೂ ಇರುತ್ತವೆ.

ಒಬ್ಬ ಹಿರಿಯ ಪ್ರಾಧ್ಯಾಪಕರು ತಮ್ಮ ಪ್ರಬಂಧ ಹಾಕಲು ಸುತರಾಂ ಒಪ್ಪಲಿಲ್ಲ. “ಅಲ್ಲರೀ ಮೇಡಂ, ಹಾಕಿದ ಮರುದಿನಾನೇ ಯಾರರೆ ಕದ್ದು ತಮ್ಮ ಹೆಸರಿನ್ಯಾಗ ಬರಕೋತಾರ.” ನಾನಂದೆ, “ಸರ್, ಕಪಾಟಿನ್ಯಾಗ ಇದ್ದದ್ದನ್ನ ಕದ್ದರ ಯಾರಿಗೂ ಗೊತ್ತಾಗಂಗಿಲ್ಲ. ಆನ್‌ಲೈನ್ ಇದ್ದರ ಕೃತಿಚೌರ್ಯದ ತಂತ್ರಾಂಶ ಹಿಡೀತದ.” ಅದು ಯೂನಿಕೋಡ್ ಪಠ್ಯ ಇದ್ದರೆ ಮಾತ್ರ ಎಂಬುದನ್ನು ಆಮೇಲೆ ಹೇಳಿದೆ. ಅದಕ್ಕೇ ಅವರ ಮೂಲ ಫೈಲ್ ಕೂಡ ಸಿಕ್ಕಿತು ಎನ್ನಿ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಅನುಬಂಧಗಳು. ಭೌತಶಾಸ್ತ್ರದವರಿಗೆ ಈ ಪಾಡಿಲ್ಲ. ನಮ್ಮಲ್ಲಿ ಮಾಹಿತಿದಾರರ ಹೆಸರು, ಜಾತಿ, ಓಣಿ, ಸಾಲದ ಮೊತ್ತ, ಒಮ್ಮೊಮ್ಮೆ ಫೋಟೊ ಸಹಿತ ಪಟ್ಟಿ ಇರುತ್ತದೆ. ನಾಲ್ಕು ಬೈಂಡ್ ಪ್ರತಿಗಳ ಕಾಲಕ್ಕೆ ಅದು ನಡೆಯಿತು. ಗಂಡ ಹೊಡೆಯುತ್ತಾನೆಂದು ಸಂಶೋಧಕಿಯೊಬ್ಬಳನ್ನು ನಂಬಿ ಹೇಳಿಕೊಂಡ ಹೆಣ್ಣುಮಗಳ ಮಾತು ಅದೇ ಊರಿನವರ ಮೊಬೈಲಿನಲ್ಲಿ ತೆರೆದುಕೊಳ್ಳಬಾರದು. ಹಾಗಾಗಿ ಅನುಬಂಧವನ್ನು ಬೇರೆ ಫೈಲ್ ಮಾಡಿ ಬೀಗ ಹಾಕುತ್ತೇನೆ. ಡಿಸ್ಪೇಸ್‌ನಲ್ಲಿ ಫೈಲ್ ಫೈಲಿಗೂ ಪ್ರತ್ಯೇಕ ಅನುಮತಿ ಕೊಡಬಹುದು. ಅಧ್ಯಾಯದೊಳಗಿನ ಹೆಸರುಗಳನ್ನು ಅಳಿಸುವಾಗ ಮೇಲೆ ಕಪ್ಪು ಪಟ್ಟಿ ಎಳೆದರೆ ಆಗದು, ಕೆಳಗಿನ ಅಕ್ಷರ ಕಾಪಿಯಾಗಿ ಬಂದುಬಿಡುತ್ತದೆ. ಪಠ್ಯವನ್ನೇ ತೆಗೆಯಬೇಕು.

ಜರ್ನಲ್ ಲೇಖನಗಳದು ಸುಲಭ. ಪ್ರಕಾಶಕರ ನಿಯಮವನ್ನು ಓಪನ್ ಪಾಲಿಸಿ ಫೈಂಡರ್ ಜಾಲತಾಣದಲ್ಲಿ (ಮೊದಲಿನ ಶೆರ್ಪಾ ರೋಮಿಯೋ) ನೋಡಿ, ಅನುಮತಿ ಇದ್ದರೆ ಅಂಗೀಕೃತ ಹಸ್ತಪ್ರತಿ, ಅಂದರೆ ಜರ್ನಲ್ ಒಪ್ಪಿದ ಮೇಲಿನ ಲೇಖಕರ ಪ್ರತಿ, ಹಾಕುವುದು. ಅದೇ ಲೇಖನವನ್ನು ಹೊರಗೂ ಇಡಬಯಸುವ ಅಧ್ಯಾಪಕರಿಗೆ ಸಮಾಜವಿಜ್ಞಾನ ಲೇಖನಗಳ ಮುಕ್ತ ಭಂಡಾರ ಸೋಶಿಯಾರ್ಕೈವ್ ತೋರಿಸುತ್ತೇನೆ. ಅಂಥದ್ದೇ ಇನ್ನೊಂದು ಭಂಡಾರ ಎಸ್‌ಎಸ್‌ಆರ್‌ಎನ್ ಅನ್ನು 2016ರಲ್ಲಿ ಪ್ರಕಾಶನ ಕಂಪನಿ ಎಲ್ಸೆವಿಯರ್ ಕೊಂಡುಕೊಂಡಿತು, ಸೋಶಿಯಾರ್ಕೈವ್ ಹುಟ್ಟಿದ್ದೂ ಅದೇ ವರ್ಷ. ಲಾಭದ ಕಂಪನಿಯ ಕೈಗೆ ಹೋದ ಕಡೆ ಇಡುವುದಕ್ಕಿಂತ ವಿದ್ವಾಂಸರೇ ನಡೆಸುವ ಕಡೆ ಇಡುವುದು ನನಗೆ ಸರಿ ಕಾಣುತ್ತದೆ. ಜರ್ಮನಿಯ ಗೆಸಿಸ್ ಸಂಸ್ಥೆ ನಡೆಸುವ ಎಸ್‌ಎಸ್‌ಒಎಆರ್ ಭಂಡಾರ ಕೂಡ ಸಮಾಜವಿಜ್ಞಾನಕ್ಕೇ ಮೀಸಲು.

ಈಗ ಬಾಕಿ ಇರುವುದು ತೀರಿಹೋದ ಸಂಶೋಧಕರ ಪ್ರಬಂಧಗಳು. ಹಕ್ಕು ಲೇಖಕರ ನಿಧನದ ನಂತರವೂ 60 ವರ್ಷ ಉಳಿಯುವುದರಿಂದ ಮನೆಯವರ ಒಪ್ಪಿಗೆ ಪತ್ರ ಬೇಕು. ಕೆಲವರ ಮಕ್ಕಳಿಗೆ ಕಾಗದ ಬರೆದಿದ್ದೇನೆ. ಉತ್ತರ ಬರುವವರೆಗೆ ಶೀರ್ಷಿಕೆ, ಹೊಸದಾಗಿ ಬರೆದ ಸಾರಾಂಶ ಮತ್ತು ಕಪಾಟಿನ ಸಂಖ್ಯೆ ಮಾತ್ರ ಕಾಣುತ್ತವೆ. ಓದಲು ಬೇಕೆನ್ನುವವರು ಗ್ರಂಥಾಲಯಕ್ಕೇ ಬರಬೇಕು.