ಹೊನ್ನಾವರದ ಕಡಲಿಗೆ ಮನೆಮಂದಿ ಜೊತೆ ಹೋಗುವುದು ಹೇಗೆ?

ಶುಕ್ರವಾರ ರಾತ್ರಿ ಹೊರಟು ಮುರುಡೇಶ್ವರ, ಗೋಕರ್ಣ, ಜೋಗ, ಇಡಗುಂಜಿ ಎಲ್ಲ ಮುಗಿಸಿ ಸೋಮವಾರ ಬೆಳಿಗ್ಗೆ ಆಫೀಸು. ಕರಾವಳಿ ಪ್ರವಾಸ ಅಂದರೆ ಬಹಳ ಮನೆಗಳಲ್ಲಿ ಇದೇ ಲೆಕ್ಕ. ಮಕ್ಕಳಿಗೆ ಘಾಟಿಯಲ್ಲಿ ವಾಂತಿ, ಅಜ್ಜಿಗೆ ಮಂಡಿನೋವು, ಕಡಲ ಮುಂದೆ ಕೂತಿದ್ದು ಮಾತ್ರ ಅರ್ಧ ಗಂಟೆ. ಈ ಸಲ ಒಂದೇ ಊರಲ್ಲಿ ಎರಡು ರಾತ್ರಿ ಉಳಿದು ನೋಡಿ. ಯಾವಾಗ ಏನು ಮಾಡಬೇಕು ಅನ್ನುವುದನ್ನು ಕಡಲಿಗೇ ಬಿಡಿ.

ಇದಕ್ಕೆ ಉತ್ತರ ಕನ್ನಡದ ಹೊನ್ನಾವರ ಸರಿಯಾದ ಊರು. ಶರಾವತಿ ಇಲ್ಲೇ ಕಡಲು ಸೇರುತ್ತಾಳೆ. ನದಿಯ ಉತ್ತರಕ್ಕೆ ಹೊನ್ನಾವರ ಪೇಟೆ, ಸೇತುವೆ ದಾಟಿದರೆ ದಕ್ಷಿಣಕ್ಕೆ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ವರ್ಷ ದೇಶದ ಎಂಟು ಕಡಲತೀರಗಳಿಗೆ ಸಿಕ್ಕಿದ್ದರಲ್ಲಿ ನಮ್ಮ ರಾಜ್ಯದವು ಎರಡು. ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಮಂಗಳೂರು ಕಡೆಯವರಿಗೆ ಅದೇ ಹತ್ತಿರ.

ಬಾವುಟದ ಹೆಸರು ದೊಡ್ಡದು, ನಮಗೆ ಬೇಕಾದ್ದು ಚಿಕ್ಕ ಸಂಗತಿ. ಬಟ್ಟೆ ಬದಲಿಸಲು ಕೋಣೆ, ಶೌಚಾಲಯ, ಉಪ್ಪುನೀರು ತೊಳೆದುಕೊಳ್ಳಲು ಶವರ್, ನೀರಿಗೆ ಇಳಿಯಲು ಗುರುತು ಹಾಕಿದ ಜಾಗ, ಜೀವರಕ್ಷಕರು. ಮಕ್ಕಳು, ವಯಸ್ಸಾದವರು ಜೊತೆಗಿದ್ದಾಗ ಸೂರ್ಯಾಸ್ತಕ್ಕಿಂತ ಇವೇ ಮುಖ್ಯ, ಅಲ್ವಾ?

ಮೊದಲು ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಸೆಖೆ ತಡೆಯಲಾಗದು. ಮಳೆಗಾಲದಲ್ಲಿ ಕಡಲು ನೋಡಲು ಚೆಂದ, ಇಳಿಯಲು ಅಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಡಿಸೆಂಬರ್ ಕೊನೆಯ ವಾರ ಮಾತ್ರ ತಪ್ಪಿಸಿ. ಆಗ ಯಾವ ಬೀಚೂ ಸುಮ್ನೆ ಇರುವುದಿಲ್ಲ.

ರೈಲು ಹಿಡಿಯಿರಿ

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಡುತ್ತದೆ, ಬೆಳಗಿನ ಹೊತ್ತಿಗೆ ಹೊನ್ನಾವರದಲ್ಲಿ ಇಳಿಸುತ್ತದೆ. ಅಜ್ಜ ಅಜ್ಜಿ ಮಲಗಿಕೊಂಡೇ ಘಟ್ಟ ಇಳಿಯಬಹುದು. ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ, ಮುಂಚೆಯೇ ಮಾಡಿಸಿ. ಸ್ಟೇಷನ್ನು ಪೇಟೆಯೊಳಗಿಲ್ಲ, ಆಟೋ ಬೇಕು. ಕಾರಿನಲ್ಲೇ ಬರುವವರು ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ನೇರ ಹೊನ್ನಾವರ. ತಿರುವು ಜಾಸ್ತಿ. ವಾಂತಿ ಮಾಡುವ ಮಕ್ಕಳಿಗೆ ಘಾಟಿಗೆ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ.

ಉಬ್ಬರ ಇಳಿತದ ಲೆಕ್ಕ ಕಲಿಯಿರಿ

ಇದನ್ನು ಬಹಳ ಜನ ನೋಡುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 8 ಗಂಟೆಗೆ ನೀರು ಪೂರ್ತಿ ಇಳಿದಿತ್ತು ಅಂದರೆ ನಾಳೆ 9ಕ್ಕೆ ಸ್ವಲ್ಪ ಮೊದಲು ಇಳಿಯುತ್ತದೆ. ಫೋನಿನಲ್ಲಿ ಹುಡುಕಿದರೆ ಪಟ್ಟಿ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ.

ಇಳಿತದಲ್ಲಿ ಗಟ್ಟಿ ಒದ್ದೆ ಮರಳು ಅಗಲವಾಗಿ ಸಿಗುತ್ತದೆ. ಮಕ್ಕಳು ಓಡಲು, ಏಡಿ ಹುಡುಕಲು ಅದೇ ಹೊತ್ತು. ದೊಡ್ಡವರ ಕಾಲೂ ಹೂತುಹೋಗುವುದಿಲ್ಲ.

ಆದರೆ ಅಳಿವೆ ಬಾಯಿಯ ಹತ್ತಿರ, ಅಂದರೆ ನದಿ ಕಡಲು ಸೇರುವಲ್ಲಿ, ನೀರಿಗೆ ಇಳಿಯಲೇಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಒಳಗೆ ಬಂದಿದ್ದ ಕಡಲ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನೀರಿಗೆ ಇಳಿಯುವಾಗ

ಗುರುತು ಹಾಕಿದ ಜಾಗದಲ್ಲೇ ಇಳಿಯಿರಿ. ಜೀವರಕ್ಷಕ ಸೀಟಿ ಊದಿದರೆ ವಾದ ಬೇಡ. ಮಕ್ಕಳಿಗೆ ಮೊಣಕಾಲು ಮಟ್ಟದ ನೀರು ಸಾಕು, ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿರಬೇಕು. ಫೋನು ಹಿಡಿದುಕೊಂಡು ದಡದಲ್ಲಿ ಕೂತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವಿನ ಒಂದು ಪಟ್ಟಿ ಮಾತ್ರ ಸುಮ್ಮನೆ ಇದ್ದರೆ ಅದು ಆಟದ ಜಾಗ ಅಲ್ಲ. ನೀರು ಒಳಕ್ಕೆ ಎಳೆಯುವುದು ಹೆಚ್ಚಾಗಿ ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ಸುಸ್ತಾಗುತ್ತೀರಿ. ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ.

ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ಬೊಂಬೆಗಳನ್ನು ರೂಮಿನಲ್ಲೇ ಬಿಡಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲ ಕಡೆ ಬೀಸುತ್ತದೆ. ಟ್ಯೂಬು ಒಳಕ್ಕೆ ಹೋಗುವುದು ಹಾಗೇ. ಮಕ್ಕಳಿಗೆ ನೀಲಿ ಬಟ್ಟೆ ಬೇಡ, ಕಿತ್ತಳೆಯೋ ಗಿಳಿಹಸಿರೋ ಹಾಕಿ. ನೀರಿನಲ್ಲಿ ದೂರದಿಂದಲೇ ಕಾಣುತ್ತದೆ.

ಬಿಸಿಲು ಹೊತ್ತಿಗೆ ಬೇರೆ ಕಡೆ

ಹನ್ನೊಂದರಿಂದ ನಾಲ್ಕರವರೆಗೆ ಮರಳು ಕಾದಿರುತ್ತದೆ. ಊಟ ಮಾಡಿ ಒಂದು ನಿದ್ದೆ ತೆಗೆಯಿರಿ. ಬಂಗಡೆ ಸಾರು, ಕುಚಲಕ್ಕಿ ಅನ್ನ ಸಿಕ್ಕರೆ ಬೇರೇನೂ ಹುಡುಕಬೇಡಿ. ಸಸ್ಯಾಹಾರಿಗಳಿಗೆ ತಂಬುಳಿ, ಅಪ್ಪೆಹುಳಿ ಇದೆ. ಬೆಂಗಳೂರಿನ ಮೆನುವನ್ನೇ ಇಲ್ಲೂ ಹುಡುಕುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ನಿದ್ದೆ ಬಾರದ ಮಕ್ಕಳನ್ನು ಕಾಸರಕೋಡಿನ ಕಾಂಡ್ಲಾ ನಡಿಗೆಗೆ ಕರೆದುಕೊಂಡು ಹೋಗಿ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿದ ಹಲಗೆ ಹಾದಿ ಅದು. ಕೆಸರಿನಿಂದ ಮೇಲೆದ್ದ ಉಸಿರುಬೇರು, ಬಿಲದಿಂದ ಇಣುಕುವ ಏಡಿ ಎಲ್ಲ ಕಾಲಡಿಯಲ್ಲೇ ಕಾಣುತ್ತವೆ. ಇವು ಸರಿಯಾಗಿ ಕಾಣಬೇಕಾದರೂ ನೀರು ಇಳಿದಿರಬೇಕು! ಶರಾವತಿಯಲ್ಲಿ ದೋಣಿ ಹತ್ತುವುದಾದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಕೇಳಿ. ಮಗುವಿನ ಅಳತೆಯದು ಇಲ್ಲದಿದ್ದರೆ ಹತ್ತಬೇಡಿ.

ಹತ್ತಿರದ ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ ಇದೆ, ಮಳೆ ಮುಗಿದ ಹೊಸತರಲ್ಲಿ ನೀರು ಚೆನ್ನಾಗಿರುತ್ತದೆ. ಮೆಟ್ಟಿಲು ಇರುವುದರಿಂದ ಅಜ್ಜಿಯನ್ನು ಕೇಳಿಯೇ ಹೊರಡಿ. ಅವರಿಗೆ ಇಕೋ ಬೀಚಿನ ಗಾಳಿಮರದ ನೆರಳೇ ಹಿತ. ಜೋಗ ಇಲ್ಲಿಂದ ಸುಮಾರು 60 ಕಿಲೋಮೀಟರ್, ಅದೂ ಘಾಟಿ ರಸ್ತೆ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಕತ್ತಲಾದ ಮೇಲೆ

ಕಾಸರಕೋಡಿನ ಟೊಂಕ ಅನ್ನುವ ಜಾಗದ ಮರಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬೆಳಕು ಕಂಡರೆ ಕಡಲಾಮೆ ಹಿಂದಕ್ಕೆ ಹೋಗಿಬಿಡುತ್ತದೆ, ಮೊಟ್ಟೆಯೊಡೆದು ಬಂದ ಮರಿಗಳಿಗೆ ದಾರಿ ತಪ್ಪುತ್ತದೆ. ಹಾಗಾಗಿ ರಾತ್ರಿ ಬೀಚಿನಲ್ಲಿ ಟಾರ್ಚು ಬೇಡ, ಕ್ಯಾಂಪ್ ಫೈರ್ ಅಂತೂ ಬೇಡವೇ ಬೇಡ. ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದ ನೋಡಿ.

ವಾಪಸ್ ಹೊರಡುವಾಗ

ಒದ್ದೆ ಬಟ್ಟೆಗೆ ಬೇರೆ ಚೀಲ ಇರಲಿ. ಮರಳು ಒಣಗಿದ ಮೇಲೆ ಕೊಡವಿದರೆ ಸುಲಭವಾಗಿ ಉದುರುತ್ತದೆ, ಹಸಿಯಿದ್ದಾಗ ಉಜ್ಜಬೇಡಿ. ಊರಿಗೆ ಒಣಮೀನು ಕೊಳ್ಳುವ ಆಸೆಯಿದ್ದರೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ರಾತ್ರಿ ರೈಲಿನ ಬೋಗಿಯಲ್ಲಿ ಎದುರು ಸೀಟಿನವರ ಜೊತೆ ಹನ್ನೆರಡು ಗಂಟೆ ಕಳೆಯಬೇಕು ನೋಡಿ.